ಲೆಕ್ಕಕ್ಕೆ ಬಾರದ ಗೋಧಿ

ಅಥವಾ ಅಕ್ಕ ಆ ಪ್ರಶ್ನೆ ಕೇಳಿದ್ದು ಅಡುಗೆಮನೆಯಲ್ಲಿ ಅಲ್ಲವೇ ಅಲ್ಲವೇನೋ. ನೆನಪಿನಲ್ಲಿ ಅವಳು ಪರಾತದಲ್ಲಿ ಚಪಾತಿಯ ಕಣಕ ನಾದುತ್ತಿದ್ದಾಳೆ, ನಾನು ಬಾಗಿಲಿಗೆ ಒರಗಿ ನಿಂತಿದ್ದೇನೆ, ಹಿಟ್ಟು ಅವಳ ಬೆರಳುಗಳಿಂದ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತಿದೆ. ಆದರೆ ಅಷ್ಟು ಹೊತ್ತಿಗೆ ಡಾಕ್ಟರು ಮನೆಯಲ್ಲಿ ಗೋಧಿ ಇಡಲೇಬೇಡಿ ಎಂದಿದ್ದರು. ಭಾವ ಹಿಟ್ಟಿನ ಡಬ್ಬಿಯನ್ನು ಪಕ್ಕದ ಮನೆಗೆ ದಾಟಿಸಿ ಆಗಿತ್ತು. ಜೋಳದ ಹಿಟ್ಟು ಹಾಗೆ ಎಳೆ ಬಿಡುವುದಿಲ್ಲ. ಅಂದರೆ ಆ ಕಣಕವನ್ನು ಆಮೇಲೆ ತಂದು ಅವಳ ಕೈಗೆ ಮೆತ್ತಿದವನು ನಾನೇ. ಪ್ರಶ್ನೆ ಗೋಧಿಯದಾಗಿದ್ದರಿಂದ ಚಿತ್ರದಲ್ಲೂ ಗೋಧಿ ಇದ್ದರೆ ಚೆನ್ನ ಎಂದು ನೆನಪು ತೀರ್ಮಾನಿಸಿದಂತಿದೆ. ಇಂಥ ಹೊಂದಾಣಿಕೆ ಕಂಡಾಗ ನನಗೆ ಇಡೀ ದೃಶ್ಯದ ಮೇಲೆಯೇ ಅನುಮಾನ. ದೃಶ್ಯವನ್ನು ಬಿಟ್ಟುಬಿಡುತ್ತೇನೆ. ಪ್ರಶ್ನೆಯನ್ನು ಮಾತ್ರ ಇಟ್ಟುಕೊಳ್ಳುತ್ತೇನೆ, ಅದನ್ನು ಅವಳು ಬೇರೆ ಬೇರೆ ದಿನ ಮತ್ತೆ ಮತ್ತೆ ಕೇಳಿದ್ದರಿಂದ.

"ಪೂಜಿ ಆದಮ್ಯಾಲ ಅದು ಗೋದಿ ಉಳಿಯಂಗಿಲ್ಲಲ್ಲ, ತಮ್ಮಾ? ಹಂಗಾದ್ರ ನನ್ನ ಹೊಟ್ಟಿಗ್ಯಾಕ ತ್ರಾಸ ಆಗಬೇಕು?"

ಪೂಜೆ ಎಂದರೆ ನಮ್ಮ ಚರ್ಚಿನ ಬಲಿಪೂಜೆ. 'ಅದು' ಎಂದರೆ ಪರಮಪ್ರಸಾದ. ಗೋಧಿ ಹಿಟ್ಟು ಮತ್ತು ನೀರು, ಇವೆರಡೇ. ಹುಳಿ ಬರಿಸದೆ, ಕಾಗದದಷ್ಟು ತೆಳ್ಳಗೆ ಸುಟ್ಟ ದುಂಡನೆಯ ಬಿಲ್ಲೆ. ಗುರುಗಳು ಅದನ್ನು ಕೈಯಲ್ಲಿ ಹಿಡಿದು ಕ್ರಿಸ್ತ ಕೊನೆಯ ಊಟದಲ್ಲಿ ಹೇಳಿದ ಮಾತುಗಳನ್ನು ಹೇಳುತ್ತಾರೆ. ಹೇಳಿದ ಮೇಲೆ ಅದು ಕ್ರಿಸ್ತನ ಶರೀರ. ಶರೀರದ ಗುರುತು ಎಂದಲ್ಲ, ಶರೀರವೇ. ಕಥೋಲಿಕರ ಮನೆಯಲ್ಲಿ ಹುಟ್ಟಿದವರು ಇದನ್ನು ಮಗ್ಗಿಗಿಂತ ಮೊದಲು ಕಲಿತಿರುತ್ತಾರೆ.

ಅಕ್ಕನ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಹೊಟ್ಟೆಪಾಡು. ಪುಣೆಯ ಒಂದು ಗುರುಮಠದಲ್ಲಿ, ಅಂದರೆ ಪಾದ್ರಿಗಳಾಗಲು ಬಂದ ತರುಣರು ಓದುವ ಜಾಗದಲ್ಲಿ, ನಾನು ತತ್ವಮೀಮಾಂಸೆ ಕಲಿಸುತ್ತೇನೆ. ನಾನು ಪಾದ್ರಿಯಲ್ಲ, ಸಂಸಾರಸ್ಥ. ವಿಮಾನ ನಗರದ ಕಡೆಯ ಒಂದು ಫ್ಲ್ಯಾಟಿನಿಂದ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ತಲೆಯ ಮೇಲೆ ವಿಮಾನ ಇಳಿಯುವಾಗ ಪಾಠ ನಿಲ್ಲಿಸಿ, ಅದು ಹೋದ ಮೇಲೆ ಅರ್ಧ ವಾಕ್ಯದಿಂದ ಮುಂದುವರಿಸುತ್ತೇನೆ. ದೈವಶಾಸ್ತ್ರದ ಬಾಗಿಲು ತೆರೆಯುವ ಮೊದಲು ಕೆಲವು ವರ್ಷ ತತ್ವಶಾಸ್ತ್ರ ಓದಲೇಬೇಕು ಎಂಬುದು ಅಲ್ಲಿನ ಕ್ರಮ. ಹುಡುಗರಿಗೆ ಇದು ಹಿಡಿಸುವುದಿಲ್ಲ. ಪ್ರತಿ ವರ್ಷವೂ ಒಬ್ಬ ಎದ್ದು ನಿಂತು ಕೇಳುತ್ತಾನೆ: ಸರ್, ನಾವು ಬಂದದ್ದು ದೇವರ ಬಗ್ಗೆ ಓದಲಿಕ್ಕೆ. ಕುರ್ಚಿಯಲ್ಲಿ ಕುರ್ಚಿತನ ಎಲ್ಲಿದೆ ಅಂತ ಹುಡುಕಲಿಕ್ಕೆ ಅಲ್ಲ.

ನಾನು ಪ್ರತಿ ವರ್ಷವೂ ಅದೇ ಉತ್ತರ ಕೊಡುತ್ತೇನೆ. ಒಂದು ವಸ್ತು ಏನು ಎಂಬುದು ಬೇರೆ, ಅದು ಹೇಗಿದೆ ಎಂಬುದು ಬೇರೆ. ನನ್ನ ಅಕ್ಕನ ಕೂದಲು ಕಪ್ಪಿತ್ತು, ಈಗ ಬೆಳ್ಳಗಾಗಿದೆ, ಅಕ್ಕ ಅಕ್ಕನೇ. ಕಪ್ಪು ಬಿಳುಪು ಗುಣ, ಅವು ಬರುತ್ತವೆ ಹೋಗುತ್ತವೆ. ಅವನ್ನು ಹೊತ್ತು ನಿಂತದ್ದು ದ್ರವ್ಯ. ಇದು ಗ್ರೀಸಿನ ಹಳಬರ ಲೆಕ್ಕಾಚಾರ, ಅವರಿಗೆ ಕ್ರಿಸ್ತನ ಹೆಸರೂ ಗೊತ್ತಿರಲಿಲ್ಲ. ಬಹಳ ಕಾಲದ ಮೇಲೆ ಕ್ರೈಸ್ತ ಮಠಗಳ ಪಂಡಿತರು ಈ ಲೆಕ್ಕಾಚಾರವನ್ನು ಎತ್ತಿಕೊಂಡು ಬಲಿಪೀಠದ ಮೇಲಿಟ್ಟು ತಿರುಗಿಸಿಬಿಟ್ಟರು. ಅಕ್ಕನಲ್ಲಿ ಗುಣ ಬದಲಾಗಿ ದ್ರವ್ಯ ಉಳಿದರೆ, ಪರಮಪ್ರಸಾದದಲ್ಲಿ ದ್ರವ್ಯ ಬದಲಾಗಿ ಗುಣ ಉಳಿಯುತ್ತದೆ. ಬಣ್ಣ, ರುಚಿ, ತೂಕ, ಎಲ್ಲ ಗೋಧಿಯವೇ. ಗೋಧಿ ಮಾತ್ರ ಇಲ್ಲ. ಹೊರುವವನಿಲ್ಲದೆ ಗಾಳಿಯಲ್ಲಿ ನಿಂತ ಹೊರೆ. ಗ್ರೀಸಿನವರು ಇದನ್ನು ಕೇಳಿದ್ದರೆ ಎದ್ದು ಹೋಗುತ್ತಿದ್ದರು. ತತ್ವಶಾಸ್ತ್ರ ದೈವಶಾಸ್ತ್ರದ ಮನೆಯ ಆಳು ಎಂದು ಹಳೆಯ ಮಾತೊಂದಿದೆ. ನಾನು ತರಗತಿಯಲ್ಲಿ ಅದಕ್ಕೆ ಇಷ್ಟು ಸೇರಿಸುತ್ತೇನೆ: ಆಳು ಹೌದು, ಆದರೆ ಬೀಗದ ಕೈ ಇರುವುದು ಅವಳ ಸೊಂಟದಲ್ಲಿ. ಹುಡುಗರು ನಗುತ್ತಾರೆ. ಮುಂದಿನ ವಿಮಾನ ಬರುತ್ತದೆ.

ಅಕ್ಕನ ಮನೆ ಚಿಂಚವಾಡದಲ್ಲಿ. ನಮ್ಮದು ಗದಗಿನ ಕಡೆಯ ಮನೆತನ, ಅಜ್ಜನ ಕಾಲದಿಂದ ಚರ್ಚಿಗೆ ಸೇರಿದವರು, ಮನೆಮಾತು ಕನ್ನಡ. ಭಾವ ಬೆಳಗಾವಿ ಕಡೆಯವರು. ಎಂಜಿನ್ನಿನ ಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ಈಗ ನಿವೃತ್ತರು. ಮಕ್ಕಳಿಲ್ಲ. ಮದುವೆಯಾಗಿ ಬಂದಾಗಿನಿಂದ ಅಕ್ಕ ಮುಂಜಾನೆಯ ಮರಾಠಿ ಪೂಜೆಗೆ ಹೋಗುತ್ತಾಳೆ, ದಿನವೂ. ಗುರುಗಳು "ಖ್ರಿಸ್ತಾಚೆ ಶರೀರ" ಎಂದು ಬಿಲ್ಲೆ ಕೊಟ್ಟರೆ, ಅವಳು ಆಮೆನ್ ಅಂದು, ಜಾಗಕ್ಕೆ ಬಂದು ಮೊಣಕಾಲೂರಿ, ಉಳಿದದ್ದನ್ನು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಾಳೆ. ಏನು ಮಾತಾಡುತ್ತಾಳೆಂದು ಭಾವ ಒಮ್ಮೆ ಕೇಳಿದ್ದರಂತೆ. "ನಿಮ್ಮ ಬಗ್ಗೆ ಚಾಡಿ ಹೇಳ್ತೀನ್ರಿ" ಅಂದಳಂತೆ.

ಅವಳ ಕಾಯಿಲೆ ಬಹಳ ವರ್ಷ ಹೆಸರಿಲ್ಲದೆ ಇತ್ತು. ಹೊಟ್ಟೆ ಉಬ್ಬರ, ಭೇದಿ, ಮೈಯಲ್ಲಿ ರಕ್ತವಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಗ್ಯಾಸು ಅಂದರು, ಪಿತ್ತ ಅಂದರು, ವಯಸ್ಸು ಅಂದರು. ಕೊನೆಗೆ ಹೊಟ್ಟೆಯ ಡಾಕ್ಟರೊಬ್ಬರು, ನಡುವಯಸ್ಸಿನ ಮರಾಠಿ ಹೆಂಗಸು, ರಕ್ತ ಪರೀಕ್ಷೆ ಮಾಡಿಸಿ, ಬಾಯಿಯಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆಸಿ ನೋಡಿ, ಇವರಿಗೆ ಗೋಧಿ ಆಗುವುದಿಲ್ಲ ಎಂದರು. ಅಜೀರ್ಣದ ಮಾತಲ್ಲ ಇದು. ಗೋಧಿಯೊಳಗಿನ ಅಂಟು ಕರುಳಿಗೆ ಹೋದರೆ ಇವರ ಮೈ ತನ್ನ ಕರುಳನ್ನೇ ಕೆರೆದು ಹಾಕುತ್ತದೆ. ಒಂದು ತುತ್ತು ಕಡಿಮೆ ಮಾಡಿದರೆ ಸಾಲದು, ಕಣವೂ ಕೂಡದು.

ಅಕ್ಕ ಇದನ್ನು ಸುಲಭವಾಗಿಯೇ ತೆಗೆದುಕೊಂಡಳು. ಹುಟ್ಟಿದ ಮನೆಯಲ್ಲಿ ಜೋಳದ ರೊಟ್ಟಿ ಉಂಡವಳು. ಚಪಾತಿ ಪುಣೆಯ ಅಭ್ಯಾಸ. ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಭೇದಿ ಕಡಿಮೆಯಾಯಿತು. ಆದರೆ ರಕ್ತ ಏರಲಿಲ್ಲ, ಕರುಳಿನ ಉರಿ ಆರಲಿಲ್ಲ. ಮತ್ತೊಮ್ಮೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ.

ಡಾಕ್ಟರು ಮರಾಠಿಯಲ್ಲಿ ಒಂದೊಂದಾಗಿ ಕೇಳಿದರು. ಬ್ರೆಡ್ಡು? ಬಿಸ್ಕೀಟು? ರವೆ, ಶ್ಯಾವಿಗೆ? ಇಂಗು? ಅಂಗಡಿ ಇಂಗಿಗೆ ಗೋಧಿ ಹಿಟ್ಟು ಬೆರೆಸುತ್ತಾರೆ, ಗೊತ್ತಲ್ಲ? ಅಕ್ಕನಿಗೆ ಗೊತ್ತಿತ್ತು. ಎಲ್ಲ ಬಿಟ್ಟಿದ್ದಳು. ಗೋಧಿ ಪೂರ್ತಿ ಬಂದ್ ಇದೆಯಲ್ಲ ಎಂದು ಡಾಕ್ಟರು ಕೊನೆಯ ಸಲ ಕೇಳಿದಾಗ ಅಕ್ಕ ಮುಖ ಗಂಟಿಕ್ಕಿಕೊಂಡು "ಪೂರ್ಣ ಬಂದ್" ಎಂದಳು. ಅವಳು ಸುಳ್ಳು ಹೇಳುವವಳಲ್ಲ. ಆಗಲೂ ಹೇಳುತ್ತಿರಲಿಲ್ಲ.

ಭಾವ ನನ್ನ ಕಡೆ ಬಾಗಿ ಕನ್ನಡದಲ್ಲಿ ಅಂದರು: "ಏ ಪ್ರೊಫೆಸರ, ಮುಂಜಾನಿ ಚರ್ಚಿನಾಗ ಕೊಡ್ತಾರಲ್ಲ, ಅದನ್ನ ಹೇಳಬೇಕೇನೋ?"

ಅಕ್ಕ ತಿರುಗಿ ನೋಡಿದಳು. "ಅದನ್ಯಾಕ ಹೇಳ್ತೀರಿ? ಅದೇನ ತಿನ್ನೂ ಸಾಮಾನೇನ್ರಿ?"

"ನುಂಗೂದಂತೂ ಖರೆ."

"ಸುಮ್ಕಿರ್ರಿ. ಡಾಕ್ಟರ ಮುಂದ ಏನರ ಮಾತಾಡಬ್ಯಾಡ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟು ಏನದು ಎಂದರು. ಇಬ್ಬರೂ ನನ್ನ ಮುಖ ನೋಡಿದರು. ನಾನು ಹೇಳಿದೆ: ಇಷ್ಟಗಲದ ಬಿಲ್ಲೆ, ಗೋಧಿ ಹಿಟ್ಟು ಮತ್ತು ನೀರು. ದಿನಕ್ಕೊಂದು. ಹೇಳುತ್ತ ಹೇಳುತ್ತ ನನಗೂ ವಿಚಿತ್ರ ಅನಿಸಿತು. ಅಷ್ಟು ತಿಂಗಳಲ್ಲಿ ಅದು ನನಗೂ ಹೊಳೆದಿರಲಿಲ್ಲ. ನಮ್ಮ ಮನೆತನದಲ್ಲಿ ಯಾರನ್ನು ಕೇಳಿದ್ದರೂ ಬ್ರೆಡ್ಡು ಬಿಸ್ಕೀಟುಗಳ ಪಕ್ಕದಲ್ಲಿ ಅದನ್ನು ಸೇರಿಸುತ್ತಿರಲಿಲ್ಲ. ನಾವು ಮರೆತಿದ್ದೆವು ಅನ್ನುವಂತಿಲ್ಲ. ಅದು ಗೋಧಿಯ ಸಾಲಿನಲ್ಲಿ ಯಾವತ್ತೂ ಇರಲೇ ಇಲ್ಲ.

ಡಾಕ್ಟರು ನಗಲಿಲ್ಲ. ತಮ್ಮ ಸಕ್ಕರೆ ಕಾಯಿಲೆಯ ರೋಗಿಗಳೂ ಹೀಗೇ, ಪೇಢೆ ಮುಟ್ಟುವುದೇ ಇಲ್ಲ ಎಂದು ಆಣೆ ಮಾಡುತ್ತಾರೆ, ಗಣಪತಿ ಪ್ರಸಾದದ ಪೇಢೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ಆಮೇಲೆ, ಇದು ಬಂದ್ ಆಗಲೇಬೇಕು, ಇಲ್ಲದಿದ್ದರೆ ಮುಂದೆ ಕರುಳಿನಲ್ಲಿ ಕೆಟ್ಟ ಗಡ್ಡೆಯೂ ಬರಬಹುದು ಎಂದು ಸೇರಿಸಿದರು. ಹೊರಗೆ ರಿಕ್ಷಾ ಹತ್ತುವಾಗ ಅಕ್ಕನಿಗೆ ಸಿಟ್ಟು ಬಂದಿದ್ದು ಗಡ್ಡೆಯ ಮಾತಿಗಲ್ಲ. "ಪೇಢೆಕ್ಕ ಹೋಲಿಸಿದ್ಲು ನೋಡು" ಅಂದಳು. ಶಾಸ್ತ್ರದ ಪ್ರಕಾರ ಅವಳ ಸಿಟ್ಟು ಸರಿಯಾಗಿಯೇ ಇತ್ತು. ಪ್ರಸಾದದ ಪೇಢೆ ಪೇಢೆಯಾಗಿಯೇ ಇರುತ್ತದೆ.

ಅವಳು ಆ ಪ್ರಶ್ನೆ ಕೇಳಿದ್ದು ಇದಾದ ಮೇಲೆ, ಎಲ್ಲಿ ನಿಂತು ಕೇಳಿದ್ದರೂ ಸರಿ. ನಾನು ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ, ಕೂದಲಿನ ಉದಾಹರಣೆ ಬಿಟ್ಟು. ಅಕ್ಕಾ, ಬದಲಾಗೋದು ಅದು ಏನು ಅನ್ನೋದು. ಅದರ ಗುಣ ಎಲ್ಲ ಹಂಗ ಉಳೀತಾವ. ಕಣ್ಣಿಗೆ ಬೆಳ್ಳಗ ಕಾಣ್ತದ, ನಾಲಿಗಿಗೆ ಸಪ್ಪಗ ಹತ್ತತದ. ಹಂಗ ಕರುಳಿಗೆ ಮಾಡೋ ತ್ರಾಸನೂ ಗೋದಿ ಗುಣನ.

"ಅಂದ್ರ ಹೊಟ್ಟಿಗೆ ಗೋದಿ."

"ಗೋದಿ ಅಲ್ಲ, ಗೋದಿ ಗುಣ."

"ಹೊಟ್ಟಿಗೆ ಗೊತ್ತಾಗ್ತದೇನೋ ಫರಕ?"

"ಇಲ್ಲ. ಹೊಟ್ಟಿಗೆ ಗೊತ್ತಾಗಂಗಿಲ್ಲ. ಯಾವ ಪರೀಕ್ಷಾದಾಗೂ ಗೊತ್ತಾಗಂಗಿಲ್ಲ. ಅದಕ್ಕ ನಂಬಿಕಿ ಅಂತಾರ."

ಭಾವ ಪತ್ರಿಕೆ ಮಡಚಿದರು. "ಒಂದ ವಾಕ್ಯದಾಗ ಹೇಳಪ. ತಗೋಬೇಕೋ ಬ್ಯಾಡೋ?"

ಬೇಡ ಎಂದೆ. ಅಕ್ಕ, ಜೋಳದ್ದು ಮಾಡಿದರೆ ಏನಾಗುತ್ತದೆ ಎಂದು ಕೇಳಿದಳು. ಗುರುಮಠದ ಹುಡುಗರೂ ಇದನ್ನು ಕೇಳುತ್ತಾರೆ, ಅವರು ಅಕ್ಕಿಯ ಹೆಸರು ಹೇಳುತ್ತಾರೆ. ಆಗುವುದಿಲ್ಲ, ಗೋಧಿಯೇ ಆಗಬೇಕು, ಅಂಟನ್ನು ಪೂರ್ತಿ ತೆಗೆದ ಗೋಧಿಯೂ ಆಗುವುದಿಲ್ಲ. ಯಾಕೆ ಗೋಧಿ? ಆ ಕೊನೆಯ ಊಟದ ದಿನ ಮೇಜಿನ ಮೇಲಿದ್ದದ್ದು ಗೋಧಿ ರೊಟ್ಟಿ, ಅದಕ್ಕೆ. ಇಲ್ಲಿ ತತ್ವಮೀಮಾಂಸೆ ಸುಮ್ಮನಾಗುತ್ತದೆ. ಗೋಧಿ ಹೇಗೆ ಬದಲಾಯಿತು ಎಂದು ಅದು ವರ್ಷಗಟ್ಟಲೆ ಮಾತಾಡಬಲ್ಲದು. ಗೋಧಿಯೇ ಯಾಕೆ ಎಂದರೆ, ಆ ದೇಶದಲ್ಲಿ ಗೋಧಿ ಬೆಳೆಯುತ್ತಿತ್ತು ಅನ್ನುವುದಕ್ಕಿಂತ ಹೆಚ್ಚಿನದು ಅದರ ಬಳಿ ಇಲ್ಲ. ಕ್ರಿಸ್ತ ಗದಗಿನಲ್ಲಿ ಹುಟ್ಟಿದ್ದರೆ ನಿನಗೆ ಈ ತೊಂದರೆ ಇರುತ್ತಿರಲಿಲ್ಲ ಎಂದು ನಾನು ಹೇಳಿದೆ. ಅಕ್ಕ ನಗಲಿಲ್ಲ, ಭಾವ ನಕ್ಕರು.

ಅವರ ಚರ್ಚಿನ ಗುರುಗಳು ನನ್ನ ಹಳೆಯ ವಿದ್ಯಾರ್ಥಿ, ಮಂಗಳೂರು ಕಡೆಯವರು. ತತ್ವಮೀಮಾಂಸೆಯ ಪತ್ರಿಕೆಯಲ್ಲಿ ಎರಡನೆಯ ಸಲ ಪಾಸಾದವರು, ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಅವರ ಬಳಿ ಹೋದೆ. ಅಂಟು ಬಹಳ ಕಡಿಮೆ ಇರುವ ಬಿಲ್ಲೆ ಹೊರದೇಶದಲ್ಲಿ ಮಾಡುತ್ತಾರೆ, ತರಿಸಬಹುದು ಎಂದರು. ಡಾಕ್ಟರು ಅದೂ ಬೇಡ ಎಂದರು. ಉಳಿದದ್ದು ದ್ರಾಕ್ಷಾರಸ. ಪೂಜೆಯಲ್ಲಿ ರೊಟ್ಟಿಯ ಜೊತೆ ದ್ರಾಕ್ಷಾರಸವೂ ಇರುತ್ತದೆ. ಅದು ಕ್ರಿಸ್ತನ ರಕ್ತವಾಗುತ್ತದೆ. ಸಾಮಾನ್ಯವಾಗಿ ಅದನ್ನು ಗುರುಗಳಷ್ಟೇ ಕುಡಿಯುತ್ತಾರೆ. ರೊಟ್ಟಿ ಆಗದವರು ಬರೀ ಪಾತ್ರೆಯಿಂದ ತೆಗೆದುಕೊಂಡರೂ ಸಾಕು, ಎರಡರಲ್ಲೂ ಇರುವವನು ಅವನೇ, ಒಂದರಲ್ಲಿ ಅರ್ಧ ಇನ್ನೊಂದರಲ್ಲಿ ಅರ್ಧ ಎಂದಿಲ್ಲ.

"ಅಕ್ಕನಿಗೆ ಹೇಳಿ ಸರ್, ಸಾಲಿನ ಕೊನೆಗೆ ಬರ್ಲಿ, ನನ್ನ ಪಾತ್ರೆಯಿಂದ್ಲೇ ಒಂದು ಗುಟುಕು ಕೊಡ್ತೇನೆ" ಎಂದರು ಗುರುಗಳು.

ಅಕ್ಕನಿಗೆ ಇದು ಬೇರೆಯದೇ ಕಷ್ಟ. "ಇಡೀ ಕಾಲನಿ ಮುಂದ ನಾ ಪಾತ್ರಿ ಎತ್ತಿ ಕುಡೀಲೇನು?"

"ಲಗ್ನ ಆದಾಗಿಂದ ನನಗ ಬ್ಯಾಡ ಬ್ಯಾಡ ಅಂದಾಕಿ" ಎಂದರು ಭಾವ. "ಈಗ ನೀನ ಶುರು ಮಾಡ್ತೀ. ಅದೂ ಮುಂಜಾನಿ."

ಆದರೂ ಹೋದಳು. ಭಾನುವಾರಗಳಂದು ಮಾತ್ರ, ಕೊನೆಯವಳಾಗಿ, ಸೆರಗನ್ನು ಹೊದ್ದು. ಮೊದಲ ಕೆಲವು ವಾರ ನಾನೂ ಅದೇ ಪೂಜೆಗೆ ಹೋಗುತ್ತಿದ್ದೆ. ಅವಳು ಕುಡಿದು ತಿರುಗುವಾಗ ಬೆಂಚುಗಳ ಮೇಲಿನವರು ನೋಡುತ್ತಿದ್ದರು ಎಂದು ಬರೆಯಬಹುದು. ಬರೆದು ಅಳಿಸಿದೆ. ಅವರು ನೋಡುತ್ತಿದ್ದರೋ, ಅವರು ನೋಡುತ್ತಿದ್ದಾರೆ ಎಂದು ಅಕ್ಕ ಹೇಳಿದ್ದು ನನ್ನ ಕಣ್ಣಿಗೆ ಅಂಟಿಕೊಂಡಿದೆಯೋ, ಬೇರ್ಪಡಿಸಲು ಆಗುತ್ತಿಲ್ಲ.

ಭಾನುವಾರ ಮಧ್ಯಾಹ್ನ ಹೊಟ್ಟೆ ಹಿಡಿದುಕೊಳ್ಳಲು ಶುರುವಾಯಿತು. ಸೋಮವಾರ ಸುಸ್ತು. ವಾರದ ನಡುವೆ ಸರಿ. ಮತ್ತೆ ಭಾನುವಾರ. ಮನೆಯಲ್ಲಿ ಗೋಧಿಯ ಕಣವಿಲ್ಲ, ಬಾಯಿಗೆ ಬಿಲ್ಲೆಯಿಲ್ಲ. ದ್ರಾಕ್ಷಿಯಲ್ಲಿ ಯಾವ ಅಂಟಿದೆ? ಡಾಕ್ಟರಿಗೂ ತಿಳಿಯಲಿಲ್ಲ; ಮದ್ಯ ಅಭ್ಯಾಸವಿಲ್ಲದ ಹೊಟ್ಟೆ, ಇರಬಹುದು ಎಂದರು.

ಅಕ್ಕ ಇದಕ್ಕೆ ತಾನೇ ಕಾರಣ ಕಂಡುಕೊಂಡಳು. ಯೋಗ್ಯತೆಯಿಲ್ಲದೆ ಪರಮಪ್ರಸಾದ ತೆಗೆದುಕೊಂಡವರು ರೋಗ ಬೀಳುತ್ತಾರೆ ಎಂಬರ್ಥದ ಮಾತು ವರ್ಷಕ್ಕೊಮ್ಮೆ ಪೂಜೆಯ ಬೈಬಲ್ ವಾಚನದಲ್ಲಿ ಬರುತ್ತದೆ. ಅದನ್ನು ಅವಳು ಎಷ್ಟೋ ಸಲ ಕೇಳಿದ್ದಳು, ತನಗೆ ಸಂಬಂಧವಿಲ್ಲದ ಮಾತಾಗಿ. ಒಂದು ಭಾನುವಾರ ಸಾಲು ಎದ್ದಾಗ ಅವಳು ಏಳಲಿಲ್ಲ. ಮುಂದಿನ ಭಾನುವಾರವೂ ಏಳಲಿಲ್ಲ. ಮುಂಜಾನೆಯ ಪೂಜೆಗೆ ಹೋಗುವುದನ್ನೂ ಬಿಟ್ಟಳು. ಭಾವ ನನಗೆ ಫೋನು ಮಾಡಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ನೀ ಬಂದು ಏನರ ಹೇಳಪ ಆಕಿಗೆ. ಮನ್ಯಾಗ ಹೆಣ ಇಟ್ಟಂಗ ಕುಂತಿರ್ತಾಳ."

ಹೋದೆ. ಕರುಳಿನ ಮಾತು ಈಗ ಎರಡನೆಯದಾಗಿತ್ತು. ಅಕ್ಕನಿಗೆ ಈಗ ತಿಳಿಯಬೇಕಾಗಿದ್ದದ್ದು ಒಂದೇ: ಆ ಸಾಲಿನಲ್ಲಿ ತನಗೆ ಜಾಗವಿದೆಯೇ ಇಲ್ಲವೇ.

"ಗೋದಿ ಅಂದ್ರಿ, ಗೋದಿ ಬಿಟ್ಟೆ" ಎಂದಳು. "ಈಗ ಗೋದಿ ಇಲ್ಲ. ಮತ್ತ ಯಾಕ? ಅವಗ ನಾ ಬ್ಯಾಡಾಗೀನಿ."

"ಅವ ಹಂಗ ಮಾಡಂಗಿಲ್ಲ, ಅಕ್ಕಾ."

"ನಿನ್ನ ಪುಸ್ತಕದಾಗ ಹೇಳೇತೇನು?"

ಹೇಳಿಲ್ಲ. ನನ್ನ ಶಾಸ್ತ್ರ ದ್ರವ್ಯ ಎಲ್ಲಿದೆ, ಗುಣ ಎಲ್ಲಿದೆ ಎಂದು ಹೇಳುತ್ತದೆ. ಯಾರು ಯಾರಿಗೆ ಬೇಡವಾದರು ಎಂಬುದಕ್ಕೆ ಅದರಲ್ಲಿ ಅಧ್ಯಾಯವಿಲ್ಲ. ಪಾಪನಿವೇದನೆ ಮಾಡು, ಸಮಾಧಾನವಾದೀತು ಎಂದೆ. ಮಾಡಿ ಬಂದೆ ಎಂದಳು. ಯಾವ ಪಾಪ ಹೇಳಬೇಕು ಎಂದು ಗೊತ್ತಾಗದೆ ಹಳೆಯವನ್ನೇ ಮತ್ತೆ ಹೇಳಿದಳಂತೆ.

ಮುಂದಿನ ಭಾನುವಾರ ನಾನು ಅವಳ ಪಕ್ಕದಲ್ಲಿ ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಪೂಜೆಯಲ್ಲಿ ಒಂದು ಘಟ್ಟವಿದೆ. ದೊಡ್ಡ ಬಿಲ್ಲೆಯನ್ನು ಗುರುಗಳು ಎರಡಾಗಿ ಮುರಿಯುತ್ತಾರೆ; ಆಮೇಲೆ ಒಂದು ಅಂಚಿನಿಂದ ಸಣ್ಣ ಚೂರು ಮುರಿದು, ಬಾಯೊಳಗೇ ಏನೋ ಹೇಳಿಕೊಂಡು, ದ್ರಾಕ್ಷಾರಸದ ಪಾತ್ರೆಯೊಳಗೆ ಬಿಡುತ್ತಾರೆ. ಆಗ ಜನ ಹಾಡುತ್ತಿರುತ್ತಾರೆ, ಯಾರೂ ನೋಡುವುದಿಲ್ಲ. ಕ್ರಿಸ್ತನ ಶರೀರ ರಕ್ತ ಎರಡೂ ಒಂದೇ, ಅವನು ಜೀವಂತ ಎಂಬುದಕ್ಕೆ ಹಾಗೆ ಮಾಡುವುದು ಎಂದು ನಾನು ಎಷ್ಟೋ ಸಲ ಯಾರಿಗೋ ವಿವರಿಸಿದ್ದೇನೆ. ಚಿಕ್ಕಂದಿನಿಂದ ನೋಡಿದ್ದೇನೆ. ಆ ದಿನ ಗುರುಗಳ ಎರಡು ಬೆರಳುಗಳ ತುದಿಯಿಂದ ಆ ಚೂರು ಬೀಳುವುದನ್ನು ನೋಡಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ದ್ರಾಕ್ಷಾರಸದಲ್ಲಿ ನೆನೆದು ಕರಗುವಂಥದ್ದು. ಅಕ್ಕ ಅಷ್ಟೂ ಭಾನುವಾರ ಕುಡಿದಿದ್ದು ಅದೇ ಪಾತ್ರೆಯಿಂದ.

ಹೀಗೆಂದು ನನ್ನ ನೆನಪು. ಗುರುಗಳು ಈಗ ಹೇಳುವುದೇ ಬೇರೆ. ಅವರ ಪ್ರಕಾರ ಅದು ಹೊಳೆದದ್ದು ಅವರಿಗೆ, ಚೂರು ಬಿಡುತ್ತಿದ್ದಾಗಲೇ. ಪೂಜೆ ಮುಗಿದ ಮೇಲೆ ನನ್ನನ್ನು ಕರೆಸಿ ಅವರೇ ಹೇಳಿದರಂತೆ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು ಎಂದು ರಾಜಿ ಮಾಡಿಕೊಳ್ಳಬಹುದು, ಆದರೆ ಅದು ಇನ್ನೂ ಸುಳ್ಳು. ಯಾರು ಮೊದಲು ಬಾಯಿ ತೆರೆದರೋ, ಪೂಜಾವಸ್ತ್ರ ಬದಲಿಸುವ ಕೋಣೆಯಲ್ಲಿ ನಾವಿಬ್ಬರೂ ನಿಂತಿದ್ದಂತೂ ನಿಜ. ಮಾತು ನಡೆದದ್ದೂ ನಿಜ.

"ಅಯ್ಯೋ ಮಾರಾಯ್ರೆ" ಎಂದರು ಗುರುಗಳು, ಮೇಲಂಗಿ ತಲೆಯಿಂದ ಅರ್ಧ ಎಳೆದುಕೊಂಡಿದ್ದವರು. "ಅದು ಕೈ ತಾನಾಗಿ ಮಾಡ್ತದೆ, ಸರ್. ದಿನಾ ಮಾಡಿ ಮಾಡಿ ನಾನು ನೋಡುದೇ ಇಲ್ಲ."

"ಅಷ್ಟು ಸಣ್ಣ ಚೂರು" ಎಂದೆ.

"ನೀವೇ ಕಲಿಸಿದ್ದಲ್ವ? ಎಷ್ಟು ಸಣ್ಣ ಚೂರಾದ್ರೂ ಅದ್ರಲ್ಲಿ ಪೂರ್ತಿ ಇರ್ತದೆ ಅಂತ. ನಾನು ಫೇಲಾದದ್ದು ಅದೇ ಪ್ರಶ್ನೆಯಲ್ಲಿ."

ಪೂರ್ತಿ ಕ್ರಿಸ್ತ ಪ್ರತಿ ಚೂರಿನಲ್ಲೂ, ಇದು ದೈವಶಾಸ್ತ್ರ. ಕಣವೂ ಕೂಡದು, ಇದು ಹೊಟ್ಟೆಯ ಡಾಕ್ಟರು. ಒಂದೇ ಚೂರಿನ ಮೇಲೆ ಇಬ್ಬರೂ ಒಂದೇ ಥರದ ಮಾತು ಹೇಳಿದ್ದರು, ನಾವು ಒಬ್ಬರದನ್ನಷ್ಟೇ ಕೇಳಿಸಿಕೊಂಡಿದ್ದೆವು.

ಪರಿಹಾರ ಸುಲಭ. ಪೀಠದ ಮೇಲೆ ಇನ್ನೊಂದು ಪುಟ್ಟ ಪಾತ್ರೆ ಇಡುವುದು, ಅದಕ್ಕೆ ಚೂರು ಬಿಡದೆ ಇರುವುದು, ಬಿಲ್ಲೆ ಮುಟ್ಟಿದ ಕೈ ತೊಳೆದು ಅದನ್ನು ಕೊಡುವುದು. ಮಧ್ಯಾಹ್ನವೇ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಗ್ಯಾಲರಿಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕೆಳಗೆ ಯಾರೋ ರಿಕ್ಷಾ ತೊಳೆಯುತ್ತಿದ್ದರು. ನಾನು ಚೂರಿನ ಗಾತ್ರವನ್ನು ಉಗುರಿನಿಂದ ತೋರಿಸಿದೆ.

"ಹಂಗಾರ ಅದು ಗೋದಿನ" ಎಂದಳು.

"ಹೂಂ. ಗೋದಿ ಗುಣ."

"ಇಷ್ಟೂ ದಿನ. ಬರೇ ಗೋದಿ."

ಭಾವ ಒಳಗಿನಿಂದ ಬಂದರು. ಅವರಿಗೆ ಸಂತೋಷವಾಗಿತ್ತು, ಮುಚ್ಚಿಡಲಿಲ್ಲ. "ಖುಷಿ ಪಡ, ಹುಚ್ಚಿ. ದೇವ್ರೇನೂ ನಿನ್ನ ಮ್ಯಾಲ ಸಿಟ್ಟಾಗಿಲ್ಲ."

ಅಕ್ಕ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಸಿಟ್ಟಾದ್ರೂ ಆಗ್ಯಾನ ಅನ್ಕೊಂಡಿದ್ದೆ" ಎಂದಳು.

ಭಾವನಿಗೆ ಇದು ಅರ್ಥವಾಗಲಿಲ್ಲ ಅನಿಸುತ್ತದೆ. ಅವರು ಚಹಾ ಇಡಲು ಹೋದರು. ನನಗೆ ಅರ್ಥವಾ‌ಯಿತೇ ಎಂದರೆ, ಒಂದಿಷ್ಟು. ದ್ರವ್ಯಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ಅದು ಮುಟ್ಟಿದರೆ ತಾಗುವುದಿಲ್ಲ. ಶಾಸ್ತ್ರವೇ ಹಾಗೆ ಹೇಳುತ್ತದೆ, ನಾನೂ ಹಾಗೆಯೇ ಕಲಿಸುತ್ತೇನೆ, ಅದರಲ್ಲಿ ತಪ್ಪಿಲ್ಲ. ಅಕ್ಕ ಅಷ್ಟು ವರ್ಷ ದಿನವೂ ತೆಗೆದುಕೊಂಡ ಕ್ರಿಸ್ತ ಒಮ್ಮೆಯೂ ಅವಳ ನಾಲಿಗೆಗೆ ಹತ್ತಿರಲಿಲ್ಲ. ಕೆಲವು ಭಾನುವಾರಗಳ ಮಧ್ಯಾಹ್ನ ಮಾತ್ರ, ಹೊಟ್ಟೆ ಹಿಡಿದುಕೊಂಡು ಮಲಗಿದಾಗ, ಅವನು ತನಗೆ ಏನನ್ನೋ ಮಾಡುತ್ತಿದ್ದಾನೆ ಎಂದು ಅವಳು ನಂಬಿದ್ದಳು. ನಾನು ಬಂದು ಅದನ್ನು ಗೋಧಿಯ ಗುಣದ ಖಾತೆಗೆ ಹಾಕಿದೆ. ಹಾಕಬೇಕಾಗಿತ್ತು. ಹಾಕದಿದ್ದರೆ ಅವಳ ಕರುಳು ಹೋಗುತ್ತಿತ್ತು.

ಆ ಮೇಲಿನ ತಿಂಗಳುಗಳಲ್ಲಿ ರಕ್ತ ಏರಿತು. ಡಾಕ್ಟರು ಈಗ ವರ್ಷಕ್ಕೊಮ್ಮೆ ಬಂದರೆ ಸಾಕು ಎಂದಿದ್ದಾರೆ. ಅಕ್ಕ ಮೂರು ಮಹಡಿ ಹತ್ತಿ ಏದುಸಿರು ಬಿಡದೆ ಬಾಗಿಲು ತೆರೆಯುತ್ತಾಳೆ, ಕೆನ್ನೆ ತುಂಬಿಕೊಂಡಿದೆ. ಮುಂಜಾನೆಯ ಪೂಜೆ ಮತ್ತೆ ಶುರು ಮಾಡಿದಳು. ಗುರುಮಠದಲ್ಲಿ ನನ್ನ ಪಾಠ ಬದಲಾಗಿಲ್ಲ. ದ್ರವ್ಯ, ಗುಣ, ಹೊರುವವನಿಲ್ಲದ ಹೊರೆ. ಕೂದಲಿನ ಉದಾಹರಣೆ ಈಗಲೂ ಕೊಡುತ್ತೇನೆ. ಗೋಧಿಯ ಈ ಕಥೆ ಹೇಳಿಲ್ಲ. ಹೇಳಿದರೆ ಹುಡುಗರು ಅದರಿಂದ ಒಂದು ನೀತಿ ತೆಗೆಯುತ್ತಾರೆ. ಕೆಲವರು ಶಾಸ್ತ್ರ ಗೆದ್ದಿತು ಅನ್ನುತ್ತಾರೆ, ಕೆಲವರು ಶಾಸ್ತ್ರ ಯಾತಕ್ಕೂ ಬರಲಿಲ್ಲ ಅನ್ನುತ್ತಾರೆ. ಎರಡಕ್ಕೂ ಇದರಲ್ಲಿ ಆಧಾರವಿದೆ, ಅದೇ ತೊಂದರೆ.

ಪ್ರತಿ ಭಾನುವಾರ ಪೀಠದ ಮೇಲೆ ಎರಡನೆಯ ಪಾತ್ರೆ ಇರುತ್ತದೆ, ಗಾಜಿನ ಲೋಟಕ್ಕಿಂತ ಚಿಕ್ಕದು. ಅಕ್ಕ ಕೆಲವು ಭಾನುವಾರ ಎದ್ದು ಹೋಗಿ ಕುಡಿಯುತ್ತಾಳೆ. ಕೆಲವು ಭಾನುವಾರ ಏಳುವುದಿಲ್ಲ. ಅವಳು ಬರದಿದ್ದರೆ ಗುರುಗಳೇ ಅದನ್ನು ಕುಡಿದು ಮುಗಿಸಬೇಕು, ಕ್ರಿಸ್ತನ ಮಾತು ಹೇಳಿಯಾದ ಮೇಲೆ ಅದನ್ನು ಚೆಲ್ಲುವಂತಿಲ್ಲ. "ಅಕ್ಕ ಬರುವ ದಿನ ಯಾವುದು, ಬಾರದ ದಿನ ಯಾವುದು ಅಂತ ಮೊದ್ಲೇ ಹೇಳಿದ್ರೆ ಒಳ್ಳೇದಿತ್ತು, ಸರ್" ಎಂದು ಗುರುಗಳು ಒಮ್ಮೆ ನನ್ನ ಬಳಿ ಹೇಳಿದರು. "ಕೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ."

ನಾನು ಕೇಳಿದೆ. ಅಕ್ಕ ನನ್ನ ಮುಖ ನೋಡಿ, "ಹೋಗಬೇಕು ಅನಿಸಿದ್ರ ಹೋಗ್ತೀನಿ, ತಮ್ಮಾ" ಎಂದಳು. ಅನಿಸುವುದು ಯಾವಾಗ ಎಂದು ಮುಂದೆ ಕೇಳಲಿಲ್ಲ. ಹಬ್ಬ ಹುಣ್ಣಿಮೆಗೂ ಅದಕ್ಕೂ ಸಂಬಂಧವಿಲ್ಲ. ಮೈ ಚೆನ್ನಾಗಿರುವುದಕ್ಕೂ ಇಲ್ಲದಿರುವುದಕ್ಕೂ ಸಂಬಂಧ ಕಾಣಲಿಲ್ಲ. ಪಾತ್ರೆಯನ್ನು ಬಾಯಿಗಿಟ್ಟಾಗ ಅವಳು ಯಾರನ್ನು, ಅಥವಾ ಏನನ್ನು, ತೆಗೆದುಕೊಳ್ಳುತ್ತಿದ್ದಾಳೆ ಎಂದುಕೊಳ್ಳುತ್ತಾಳೋ ನನಗೆ ತಿಳಿಯದು. ಏಳದೆ ಕೂತ ಭಾನುವಾರಗಳಲ್ಲಿ ಅವಳು ಕಾಯುತ್ತಿರುತ್ತಾಳೋ, ಬಿಟ್ಟುಕೊಟ್ಟಿರುತ್ತಾಳೋ, ಅದೂ ತಿಳಿಯದು.